ಅವನ ಮಾತು, ಅವಳ ಬಾಯಿ

"ಅವಳು ದಣಿದಿದ್ದಾಳೆ. ಇನ್ನು ಒತ್ತಬೇಡಿ, ಮುರಿದುಹೋಗ್ತಾಳೆ."

ಹೊರದೇಶದ ಎಂಜಿನಿಯರು ಪ್ರಯೋಗಾಲಯಕ್ಕೆ ಕಾಲಿಟ್ಟ ದಿನ ಆಡಿದ ಮೊದಲ ಮಾತು ಇದು. ಅಲ್ಲಿ ಅವನ ಭಾಷೆ ಬರುತ್ತಿದ್ದದ್ದು ಹೊಸದಾಗಿ ನೇಮಕವಾಗಿದ್ದ ದುಭಾಷಿಯೊಬ್ಬಳಿಗೇ. ಉಪ್ಪುನೀರು ಹೆಪ್ಪುಗಟ್ಟಿಸಿದ್ದ ಉದ್ದನೆಯ ತೊಟ್ಟಿಯ ಅಂಚಿನಲ್ಲಿ ಬೆಳಗಿನಿಂದ ನಿಂತು ಅವಳ ಮೂಗು ಕೆಂಪಾಗಿತ್ತು. ಅವನು ಗಲ್ಲ ಎತ್ತಿ ತೋರಿಸಿದ್ದು ಅವಳು ನಿಂತ ಕಡೆಗೇ.

"ನಾನೇನೂ ದಣಿದಿಲ್ಲ," ಎಂದಳು ಅವನ ಭಾಷೆಯಲ್ಲಿ, ಬಿರುಸಾಗಿ. "ನನ್ನನ್ನ ಮುರಿಯೋದು ಅಷ್ಟು ಸುಲಭಾನೂ ಅಲ್ಲ."

ಅವನು ಕಕ್ಕಾಬಿಕ್ಕಿಯಾದ. "ನಾನು ಮಂಜುಗಡ್ಡೆ ಬಗ್ಗೆ ಹೇಳಿದ್ದು. ನಮ್ಮ ಭಾಷೇಲಿ ಮಂಜುಗಡ್ಡೆ ಹೆಣ್ಣು..."

ಅದು ಅವಳಿಗೂ ಗೊತ್ತಿತ್ತು. ಚಳಿಗೆ ವ್ಯಾಕರಣವೂ ಮರಗಟ್ಟಿತ್ತು, ಅಷ್ಟೆ.

"ಏನಂತೆ ತಂಗಿ?" ಎಂದರು ಬೈರಿಗೆ ಅಣ್ಣ. ಮಂಜು ಕೊರೆಯುವ ಯಂತ್ರ ನಡೆಸುತ್ತಿದ್ದ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ. ಅವಳು ತನ್ನ ಪೆದ್ದುತನವನ್ನೂ ಸೇರಿಸಿ ಎಲ್ಲ ಹೇಳಿದಳು. ತೊಟ್ಟಿಯ ಸುತ್ತ ನಗೆಯೆದ್ದಿತು. ಎಂಜಿನಿಯರು ಮಾತ್ರ ನಗಲಿಲ್ಲ. ಅವಳನ್ನು ನೋಡಿದ, ಕಣ್ಣು ತೆಗೆದ, ಮತ್ತೆ ನೋಡಿದ.

ಎರಡು ದೇಶಗಳ ನಡುವೆ ಒಂದೇ ಸಮುದ್ರ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿದಾಗ ಎರಡೂ ಕಡೆಯವರು ಅದರ ಮೇಲೆ ಗಾಡಿ ಓಡಿಸುತ್ತಿದ್ದರು, ಎರಡೂ ಕಡೆಯವರು ಮುಳುಗುತ್ತಿದ್ದರು. ಆ ಮಂಜು ಎಷ್ಟು ಹೊರುತ್ತದೆ, ಯಾವಾಗ ಬಾಗುತ್ತದೆ, ಯಾವಾಗ ಒಡೆಯುತ್ತದೆ ಎಂದು ಕೂಡಿ ಕಂಡುಹಿಡಿಯಲು ಒಪ್ಪಂದವಾಗಿತ್ತು. ಮನಸ್ಸುಗಳು ಅಷ್ಟಕ್ಕಷ್ಟೇ. ಒಂದು ಮಾತು ಆಚೀಚೆಯಾದರೂ ಒಪ್ಪಂದ ಮುರಿಯುವಂತಿತ್ತು.

ದುಭಾಷಿಯ ಕಸುಬಿಗೆ ಒಂದು ಕಟ್ಟುಪಾಡಿದೆ. 'ಅವರು ಹೀಗೆನ್ನುತ್ತಾರೆ' ಎನ್ನುವಂತಿಲ್ಲ. ಆಡಿದವರು 'ನಾನು' ಎಂದರೆ ಅವಳೂ 'ನಾನು' ಎನ್ನಬೇಕು. ಕೂಡಿಸುವಂತಿಲ್ಲ, ಕಳೆಯುವಂತಿಲ್ಲ. ಹಾಗಾಗಿ ಅವನಿಗೆ ಹಸಿವಾದರೆ ಅವಳು "ನನಗೆ ಹಸಿವಾಗಿದೆ" ಎಂದು ಘೋಷಿಸುತ್ತಿದ್ದಳು. ಬೈರಿಗೆ ಅಣ್ಣ ಬೇಕೆಂದೇ ಬ್ರೆಡ್ಡು ತಂದು ಅವಳ ಕೈಗೆ ಕೊಡುತ್ತಿದ್ದರು.

ಅವನಿಗೂ ಆಟ ಹತ್ತಿತು. ಒಮ್ಮೆ ತುಂಬಿದ ಮೀಟಿಂಗಿನಲ್ಲಿ, ಮಂಜಿನೊಳಗಿನ ಉಪ್ಪಿನ ಗುಳ್ಳೆಗಳ ಬಗ್ಗೆ ಗಂಭೀರವಾಗಿ ಹೇಳುತ್ತಿದ್ದವನು ಅದೇ ದನಿಯಲ್ಲಿ ಮುಂದುವರಿಸಿದ: "ನೀಲಿ ಸ್ವೆಟರ್ ಹಾಕಿರೋರು ಇವತ್ತು ಒಂದ್ಸಲಾನೂ ನಕ್ಕಿಲ್ಲ. ನನಗೆ ಲೆಕ್ಕ ತಪ್ತಾ ಇದೆ."

ನೀಲಿ ಸ್ವೆಟರ್ ಅವಳದೇ. ಬಿಡುವಂತಿಲ್ಲವಲ್ಲ! ಅದನ್ನೂ ಹೇಳಿದಳು. ಹೇಳುವಾಗ ಕಿವಿ ಕೆಂಡವಾಯಿತು.

"ಲೇ ತಂಗಿ," ಬೈರಿಗೆ ಅಣ್ಣ ಹೊರಗೆ ಹಿಡಿದು ನಿಲ್ಲಿಸಿದರು. "ಇದು ಯಾವ ವಿಜ್ಞಾನ?"

"ಸುಮ್ನಿರಿ ಅಣ್ಣ."

ಭಾನುವಾರ ಬೈರಿಗೆ ಅಣ್ಣನ ಮನೆಯಲ್ಲಿ ಅವರ ಹೆಂಡತಿ, ಅವಳ ಪಾಲಿನ ಅತ್ತಿಗೆ, ಅವಳಿಗೂ ಎಂಜಿನಿಯರಿಗೂ ಒಂದೇ ಬೆಂಚಿನ ಮೇಲೆ ಊಟಕ್ಕೆ ಜಾಗ ಮಾಡುತ್ತಿದ್ದಳು. ಏನೂ ಗೊತ್ತಿಲ್ಲದವಳ ಹಾಗೆ ಬಡಿಸುತ್ತಿದ್ದಳು. ಇಬ್ಬರೂ ಬಾಯಿಬಿಟ್ಟು ಏನನ್ನೂ ಹೇಳಿಕೊಂಡಿರಲಿಲ್ಲ. ಅವನ ಮಾತನ್ನೆಲ್ಲ ಅವಳೇ ಆಡುತ್ತಿದ್ದಳು. ಈ ಮಾತನ್ನು ಅವನು ಯಾರಿಂದ ಹೇಳಿಸಬೇಕು?

ಮೂರನೆಯ ಚಳಿಗಾಲ ಮುಗಿಯುತ್ತಾ ಬಂದಾಗ ತಂಡ ಹೆಪ್ಪುಗಟ್ಟಿದ ಸಮುದ್ರದ ಬಳಿಯಿತ್ತು. ಬೈರಿಗೆ ಅಣ್ಣ ದಡದಿಂದ ದೂರ, ಮಂಜಿನ ಮೇಲೆ ಗಾಡಿ ನಿಲ್ಲಿಸಿಕೊಂಡು ಒಬ್ಬರೇ ಕೊರೆಯುತ್ತಿದ್ದರು. ದಡದ ಡೇರೆಯಲ್ಲಿ ಎಂಜಿನಿಯರು ಮಂಜಿನ ಬಾಗು ಅಳೆಯುವ ಮಾಪಕದ ಮುಂದೆ, ಅವಳು ರೇಡಿಯೊ ಹಿಡಿದು ಪಕ್ಕದಲ್ಲಿ. ಓಡುವ ಭಾರವನ್ನು ಹೊತ್ತ ಮಂಜೇ ನಿಂತ ಭಾರಕ್ಕೆ ಮೆಲ್ಲಗೆ ಬಾಗತೊಡಗುತ್ತದೆ. ಮಾಪಕದ ಗೆರೆ ಇಳಿಯುವುದನ್ನು ಕಂಡು ಅವನ ಮುಖ ಬಿಳಿಚಿತು.

"ಗಾಡಿ ನಿಂತು ತುಂಬಾ ಹೊತ್ತಾಯ್ತು. ಅಲ್ಲಿಂದ ಹೊರಡಿ. ಈಗಲೇ."

ಅವಳು ಅದನ್ನೇ ರೇಡಿಯೊದಲ್ಲಿ ಕೂಗಿದಳು.

"ಬೈರಿಗೆ ಸಿಕ್ಕಾಕೊಂಡಿದೆ ತಂಗಿ. ಬಿಟ್ಟು ಬಂದ್ರೆ ಈ ವರ್ಷದ್ದೆಲ್ಲಾ ನೀರಲ್ಲಿ ಹೋಮ. ಸ್ವಲ್ಪ ತಾಳು ಅನ್ನು ನಿನ್ನ ಸಾಹೇಬರಿಗೆ."

"ಬೈರಿಗೆ ಹಾಳಾಗಿ ಹೋಗ್ಲಿ! ಓಡಿ ಬನ್ನಿ!" ಎಂಜಿನಿಯರು ಕಿರುಚಿದ. ಅವಳೂ ಕಿರುಚಿದಳು.

ರೇಡಿಯೊದಲ್ಲಿ ಒಂದು ನಗೆ ಕೇಳಿಸಿತು. ಆಮೇಲೆ ಹಲಗೆ ಸೀಳಿದಂಥ ಸದ್ದು. ಆಮೇಲೆ ಏನೂ ಇಲ್ಲ. ಅವನು ಹೊಟ್ಟೆಯ ಮೇಲೆ ತೆವಳುತ್ತಾ ಬಿರುಕಿನವರೆಗೂ ಹೋಗಿ ಬರಿಗೈಯಲ್ಲಿ ವಾಪಸು ಬಂದ.

ವಿಚಾರಣೆ ಮುಗಿಯುವವರೆಗೆ ಸಾಕ್ಷಿಗಳು ಪರಸ್ಪರ ಮಾತಾಡಕೂಡದೆಂದು ಆಜ್ಞೆಯಾಯಿತು. ಆದರೆ ಬೇರೆ ದುಭಾಷಿ ಸಿಗಲಿಲ್ಲ. ಹಾಗಾಗಿ ಅವನ ಹೇಳಿಕೆಯನ್ನು ಅವಳೇ ಹೇಳಬೇಕಾಯಿತು. ಪ್ರಯೋಗಾಲಯದ ಆಡಳಿತಾಧಿಕಾರಿ ಕಾವಲಿಗೆ ಕುಳಿತ. ಇಸ್ತ್ರಿ ಮಾಡಿದಂತೆ ಗಡುಸಾದ ಮನುಷ್ಯ. ಹಿಂದಿನ ಸಾಲಿನಲ್ಲಿ ಅತ್ತಿಗೆ ಗಂಡನ ಕೋಟನ್ನೇ ಹೊದ್ದು ಕುಳಿತಿದ್ದಳು.

ವಿಚಾರಣೆಯ ಅಧ್ಯಕ್ಷರು ಮೊದಲೇ ನಿಯಮ ಓದಿದರು. ಎಚ್ಚರಿಕೆ ಕೊಟ್ಟ ಮೇಲೂ ಸತ್ತವರು ಕೇಳದಿದ್ದರೆ ಅದು ಅವರದೇ ತಪ್ಪು, ಮನೆಯವರಿಗೆ ಪಿಂಚಣಿಯಿಲ್ಲ. ಎಚ್ಚರಿಕೆ ಕೊಟ್ಟಿರದಿದ್ದರೆ ಹೊಣೆ ಎಂಜಿನಿಯರದು.

"ಗಾಡಿ ತೆಗೀರಿ ಅಂತ ನೀವು ಹೇಳಿದ್ರಾ?"

ಅವಳು ಅದನ್ನು ಅವನ ಭಾಷೆಯಲ್ಲಿ ಕೇಳಿದಳು. ಅವನು ಅತ್ತಿಗೆಯ ಕಡೆ ನೋಡಿದ. ದುಭಾಷಿಯ ಕಡೆ ನೋಡಲಿಲ್ಲ.

"ಇಲ್ಲ. ನಾನು ಎಚ್ಚರಿಕೆ ಕೊಡಲಿಲ್ಲ. ದುಭಾಷಿಗೆ ಹೇಳೋಕೆ ನಾನು ಏನೂ ಕೊಟ್ಟಿರಲಿಲ್ಲ."

ನಿಜ ಗೊತ್ತಿದ್ದವರು ಮೂವರು. ಒಬ್ಬರು ನೀರಿನ ತಳದಲ್ಲಿದ್ದರು. ಅವಳು ಬಾಯಿಬಿಟ್ಟರೆ ಅವನು ಉಳಿಯುತ್ತಾನೆ, ಅವನ ಹೆಸರು ಉಳಿಯುತ್ತದೆ, ನಾಳೆಯೂ ಅದೇ ತೊಟ್ಟಿಯ ಅಂಚಿನಲ್ಲಿ ನಿಂತಿರುತ್ತಾನೆ. ಮತ್ತು ಗಂಡ ತನ್ನ ಹಟಕ್ಕೇ ಸತ್ತ ಎಂಬುದನ್ನು ಅತ್ತಿಗೆ ಈ ತುಂಬಿದ ಕೋಣೆಯಲ್ಲಿ ಕೇಳಿಸಿಕೊಳ್ಳಬೇಕು, ಬರಿಗೈಯಲ್ಲಿ ಮನೆಗೆ ಹೋಗಬೇಕು.

"ಏನಂದ್ರು?" ಅಧ್ಯಕ್ಷರು ಕೇಳಿದರು.

"ನಾನು..." ಎಂದಳು. "ನಾನು ಎಚ್ಚರಿಕೆ ಕೊಡಲಿಲ್ಲ. ದುಭಾಷಿಗೆ ಹೇಳೋಕೆ ನಾನು ಏನೂ ಕೊಟ್ಟಿರಲಿಲ್ಲ."

ಹೊರಗೆ ಕಾರಿಡಾರಿನಲ್ಲಿ ಅತ್ತಿಗೆ ಇಬ್ಬರಿಗೂ ಅಡ್ಡ ನಿಂತಳು. "ಇವನಿಗೆ ಹೇಳು. ಅನ್ನ ಹಾಕಿದ ಕೈ ಇದು. ಇದೇ ಕೈಯಿಂದ ಶಾಪ ಹಾಕ್ತಿದೀನಿ ಅಂತ ಹೇಳು. ನನ್ನ ಮನೆ ಹ್ಯಾಗೆ ಬರಿದಾಯ್ತೋ ಇವನ ಮನೇನೂ ಹಾಗೇ ಆಗ್ಲಿ. ಇವನಿಗೋಸ್ಕರ ಯಾರೂ ಕಾಯದೇ ಇರ್ಲಿ."

"ಅತ್ತಿಗೆ..."

"ಹೇಳು!"

"ಹೇಳಿ," ಎಂದ ಅವನು ತನ್ನ ಭಾಷೆಯಲ್ಲಿ. "ಏನೂ ಬಿಡಬೇಡಿ."

ಅವಳು ಬಿಡಲಿಲ್ಲ. ಪದಕ್ಕೆ ಪದ, ಅತ್ತಿಗೆಯ 'ನಾನು' ಆಗಿ, ಅವನ ಮುಖಕ್ಕೆ ಶಾಪ ಹಾಕಿದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಅತ್ತಿಗೆ ಕೋಟಿನ ತೋಳಿನಲ್ಲಿ ಮುಖ ಒರೆಸಿಕೊಂಡು ಹೋದಳು.

ತೀರ್ಪು ಬಂತು. ಅತ್ತಿಗೆಗೆ ಪಿಂಚಣಿ, ಅವನಿಗೆ ಗಡೀಪಾರು. ಇನ್ನೆಂದೂ ಈ ದೇಶಕ್ಕೆ ಬರುವಂತಿಲ್ಲ, ಮಂಜಿನ ಮೇಲೆ ಕೆಲಸ ಮಾಡುವಂತಿಲ್ಲ. ಒಪ್ಪಂದವೂ ಮುಗಿಯಿತು. ತೊಟ್ಟಿಯ ಮಂಜನ್ನು ಕರಗಲು ಬಿಟ್ಟರು.

ಅವನನ್ನು ರೈಲು ಹತ್ತಿಸಲು ಆಡಳಿತಾಧಿಕಾರಿ ಬಂದ. ಕೊನೆಯ ಸೂಚನೆಗಳನ್ನು ತಿಳಿಸಲು ಅವಳನ್ನೂ ಕರೆತಂದ. ಪ್ಲಾಟ್‌ಫಾರ್ಮಿನ ಮೇಲೆ ಮಧ್ಯಾಹ್ನದ ಬಿಸಿಲಿತ್ತು, ಬೆಚ್ಚಗಿರಲಿಲ್ಲ.

"ಪಾಸ್‌ಪೋರ್ಟು ಜೋಪಾನ ಅನ್ನಿ. ಗಡಿ ದಾಟೋವರೆಗೂ ಇಳೀಬಾರದು ಅನ್ನಿ," ಎಂದ ಅಧಿಕಾರಿ.

ಅವಳು ಅವನತ್ತ ತಿರುಗಿದಳು. ದನಿ ಎಂದಿನಂತೆ ಸಪಾಟಾಗಿತ್ತು. "ನನ್ನ ಬಾಯಲ್ಲಿ ಯಾಕೆ ಸುಳ್ಳು ಹೇಳಿಸಿದ್ರಿ?"

ಅವನು ಬೆಚ್ಚಿ ಅಧಿಕಾರಿಯನ್ನು ನೋಡಿದ, ಅವಳನ್ನು ನೋಡಿದ. ಕೂಡಿಸದ, ಕಳೆಯದ ಅವಳು! ಅವನ ದನಿಯೂ ಸಪಾಟಾಯಿತು. "ಬೇರೆ ಯಾರ ಬಾಯನ್ನೂ ನಾನು ಅಷ್ಟು ನಂಬಿಲ್ಲ. ಕ್ಷಮಿಸಿ."

"ಪಾಸ್‌ಪೋರ್ಟು ಒಳಜೇಬಲ್ಲಿದೆಯಂತೆ," ಎಂದಳು ಅಧಿಕಾರಿಗೆ.

"ಪ್ರಯೋಗಾಲಯದ ಬೀಗದಕೈ ಏನಾದ್ರೂ ಉಳಿದಿದೆಯಾ ಕೇಳಿ."

"ನಾನು ನಿಮ್ಮ ಜೊತೆ ಬರೋಹಾಗಿಲ್ಲ," ಎಂದಳು ಅವನಿಗೆ. "ಬಂದ್ರೆ, ಇಬ್ಬರೂ ಸೇರಿ ಕಟ್ಟಿದ ಕಥೆ ಅಂತಾರೆ. ಕೇಸು ಮತ್ತೆ ತೆಗೀತಾರೆ. ಅತ್ತಿಗೆ ಬೀದಿಗೆ ಬೀಳ್ತಾಳೆ."

"ಗೊತ್ತು. ಅದಕ್ಕೇ ನಾನು ಕರೀತಿಲ್ಲ. ಕಾಗದಾನೂ ಬರೆಯಲ್ಲ." ಅವನ ಗಲ್ಲ ಅದುರಿತು. "ಮೊದಲ ದಿನದಿಂದ ನಿಮ್ಮನ್ನ ಪ್ರೀತಿಸ್ತಿದೀನಿ. ಯಾರ ಹತ್ರ ಹೇಳಿಸೋದು ಅಂತ ಗೊತ್ತಾಗಲಿಲ್ಲ."

"ಬೀಗದಕೈ ಇಲ್ಲವಂತೆ."

"ಇಷ್ಟುದ್ದ ಹೇಳಿದ್ರಲ್ಲ?" ಅಧಿಕಾರಿ ಹುಬ್ಬೇರಿಸಿದ.

"ಅವರ ಭಾಷೆ ಸ್ವಲ್ಪ ಸುತ್ತು ಬಳಸು ಸಾರ್."

ಗಾರ್ಡು ಸೀಟಿ ಊದಿದ. ಅವಳು ಕೈಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದಳು. "ನಾನೂ ಅಷ್ಟೇ," ಎಂದಳು ಅವನ ಭಾಷೆಯಲ್ಲಿ. "ಇದು ಯಾರ ಮಾತೂ ಅಲ್ಲ. ನನ್ನದೇ. ನಾನು ನಿಮ್ಮನ್ನ ಪ್ರೀತಿಸ್ತೀನಿ. ಇಲ್ಲೇ ಇದ್ದು ಪ್ರೀತಿಸ್ತೀನಿ. ಹತ್ತಿ, ರೈಲು ಹೊರಡ್ತಿದೆ. ಹತ್ತಿ ಅಂತಿದೀನಲ್ಲ!"

ಅವನು ಹತ್ತಿದ. ಕೈ ಕುಲುಕುವ ಧೈರ್ಯವನ್ನೂ ಇಬ್ಬರೂ ಮಾಡಲಿಲ್ಲ. ಗಾಜಿನ ಆಚೆ ಅವನ ಮುಖ ಸ್ವಲ್ಪ ದೂರ ಕಂಡಿತು. ಆಮೇಲೆ ಗಾಜಿನ ಮೇಲೆ ಬಿಸಿಲಷ್ಟೇ.

ಅವಳು ನಿಂತೇ ಇದ್ದಳು. ಮುಖದ ಮೇಲೆ ಇಳಿಯುತ್ತಿದ್ದದ್ದನ್ನು ಒರೆಸಿಕೊಳ್ಳಲೂ ಹೆದರಿಕೆ. ಒರೆಸಿಕೊಂಡರೆ ಅಳುತ್ತಿರುವುದು ಗೊತ್ತಾಗಿಬಿಡುತ್ತದೆ.

ಪಕ್ಕದಿಂದ ಮಡಿಚಿದ ಕರ್ಚೀಫೊಂದು ಬಂತು. ಅಧಿಕಾರಿ ಹಳಿಗಳ ಕಡೆಗೇ ನೋಡುತ್ತಿದ್ದ.

"ಅವರ ಭಾಷೆ ನನಗೊಂದಕ್ಷರ ಬರಲ್ಲ ಕಣಮ್ಮ," ಎಂದ. ಗಂಟಲು ಸರಿಮಾಡಿಕೊಂಡ. "ಬರದೇ ಇದ್ದದ್ದೇ ಒಳ್ಳೇದಾಯ್ತು. ನಡೀರಿ, ರಿಪೋರ್ಟ್ ಬರೀಬೇಕು. ಪಾಸ್‌ಪೋರ್ಟು ಒಳಜೇಬಲ್ಲಿ, ಬೀಗದಕೈ ಇಲ್ಲ. ಅಷ್ಟೇ ತಾನೇ?"

"ಅಷ್ಟೇ ಸಾರ್," ಎಂದಳು ಅವಳು.