ಕಾಲುಬೀಗ

"ಅದಕ್ಕೆ ತಂತಿ ಹಾಕಬೇಡ ಕಣೇ. ನಿನ್ನ ದಮ್ಮಯ್ಯ. ಅದೊಂದು ಬೀಗ ಬಿಟ್ಟುಬಿಡು."

ಇಸ್ತ್ರಿ ಚಿಕ್ಕಮ್ಮ ಮಾತು ಮುಗಿಸುವ ಹೊತ್ತಿಗೆ ತಂತಿ ಒಳಗೆ ಹೋಗಿಯಾಗಿತ್ತು. ಮಗಳು ಮಂಚದ ಪಕ್ಕ ಮಂಡಿಯೂರಿ, ಟಾರ್ಚನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು, ಅಪ್ಪನ ಬಲಗಾಲಿನ ಮೇಲೆ ಬಾಗಿದ್ದಳು. ಕಾಲು ಅನ್ನುವುದಕ್ಕಿಂತ ನೀರು ತುಂಬಿದ ಚೀಲ ಅನ್ನಬೇಕು. ಒತ್ತಿದ ಕಡೆ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು. ಕಣಕಾಲನ್ನು ಸುತ್ತಿದ್ದ ಕಬ್ಬಿಣದ ಕೊಂಡಿ ಊದಿದ ಮಾಂಸದೊಳಗೆ ಹೂತುಹೋಗಿ, ಮುಷ್ಟಿಗಾತ್ರದ ಬೀಗ ಮಾತ್ರ ಹೊರಗೆ ಕಾಣುತ್ತಿತ್ತು. ಕೊಂಡಿಗೆ ಪೋಣಿಸಿದ್ದ ಸರಪಳಿ ಮಂಚದ ಕಬ್ಬಿಣದ ಕಾಲನ್ನು ಬಿಗಿಯಾಗಿ ಸುತ್ತಿತ್ತು. ಅದರ ತುದಿಗಳನ್ನು ಅಪ್ಪ ತಾನೇ ಬೆಸುಗೆ ಹಾಕಿಕೊಂಡಿದ್ದ, ಕೈಯಲ್ಲಿ ಇನ್ನೂ ಬಲವಿದ್ದಾಗ, ಯಾರೂ ತನ್ನನ್ನು ಎತ್ತಿಕೊಂಡು ಹೋಗದ ಹಾಗೆ. ಬೆಳಗ್ಗೆ ಅವಳ ತಮ್ಮ ಗರಗಸ ಹಿಡಿದು ಕೂತು, ಇದ್ದಬದ್ದ ಬ್ಲೇಡುಗಳನ್ನೆಲ್ಲ ಮುರಿದುಕೊಂಡು ಎದ್ದಿದ್ದ.

"ಬೀಗ ತಾನೇ ಚಿಕ್ಕಮ್ಮ?" ಮಗಳು ತಲೆ ಎತ್ತಲಿಲ್ಲ. "ತೆಗೆಯೋಕೇ ಅಂತ ಮಾಡಿರೋದು."

"ಎಲ್ಲಾ ಬೀಗಾನೂ ಅಲ್ಲ."

"ತೆಗೆದ್ರೆ ಏನು, ಭೂತ ಬರುತ್ತಾ? ಬರಲಿ. ನಿಲ್ಲಿಸಿ ಅದಕ್ಕೂ ಒಂದು ಎಕ್ಸ್‌ರೇ ತೆಗೀತೀನಿ."

ಚಿಕ್ಕಮ್ಮ ನಗಲಿಲ್ಲ. ಎದುರು ಅಂಗಡಿಯಲ್ಲಿ ಬೀದಿಯವರ ಬಟ್ಟೆಗಳಿಗೆಲ್ಲ ಇಸ್ತ್ರಿ ಹಾಕುತ್ತಲೇ ಮುದುಕಿಯಾದವಳು ಅವಳು. ಸುಟ್ಟ ಅಂಗೈಗಳನ್ನು ಎದೆಗೆ ಒತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು. "ಇದನ್ನ ಹಾಕಿದ ದಿನ ನಾನು ನೋಡ್ತಾ ಇದ್ದೆ. ಹಾಕಿದೋಳು ಈ ಬಾಗಿಲು ದಾಟಿ ಬೀದಿಗಿಳಿದಳು ನೋಡು, ನನ್ನ ಇಸ್ತ್ರಿಪೆಟ್ಟಿಗೆಯ ಕೆಂಡ ಎಲ್ಲ ಒಂದೇ ಸಲಕ್ಕೆ ಕಪ್ಪಾಗಿಹೋಯ್ತು. ಊದಿದ್ರೂ ಹತ್ತಲಿಲ್ಲ."

"ಯಾರು ಹಾಕಿದೋಳು?"

ಚಿಕ್ಕಮ್ಮ ಮಂಚದ ಕಡೆ ನೋಡಿ ಬಾಯಿ ಮುಚ್ಚಿಕೊಂಡಳು. ಬಾಯಿ ಬಿಟ್ಟರೆ ಬೀಗ ಬಿಟ್ಟ ಹಾಗೆ ಎಂದು ಮಂಚದಲ್ಲಿ ಮಲಗಿದ್ದ ಮೇಸ್ತ್ರಿ ಅವಳಿಗೆ ಅಂದೇ ಹೇಳಿದ್ದ. ಅದಕ್ಕಿಂತ ಹೆಚ್ಚು ಅವಳಿಗೂ ಗೊತ್ತಿರಲಿಲ್ಲ.

ಹೊರಗೆ ತಮ್ಮ ವ್ಯಾನಿನ ಹಾರ್ನ್ ಒತ್ತಿದ. ಪೀಂ, ಪೀಂ, ಪೀಪೀಂ. ಬ್ರೆಡ್ಡು ಹಂಚುವ ವ್ಯಾನು ಅದು; ಬೀದಿ ಮಕ್ಕಳನ್ನು ಕರೆಯುವ ಅವನ ಹಾರ್ನಿಗೂ ಒಂದು ಕುಣಿತವಿತ್ತು. ಕಿಟಕಿಯಿಂದ ತಲೆ ಹಾಕಿ ಕೂಗಿದ: "ಅಕ್ಕಾ, ಅಪ್ಪ ಬರದಿದ್ರೆ ಆ ಆಸ್ಪತ್ರೆ ಬೆಡ್ಡಿಗೆ ನನ್ನನ್ನೇ ಹಾಕು! ಒಂದು ವಾರ ಕಾಲು ಚಾಚಿ ಮಲಗ್ತೀನಿ!"

"ಬಾಯ್ಮುಚ್ಕೊಂಡು ಹಿಂದಿನ ಬಾಗಿಲು ತೆಗೆದಿಟ್ಟಿರೋ!"

ಆ ಬೆಡ್ಡಿಗಾಗಿ ಅವಳು ಕಂಡಕಂಡವರ ಕಾಲು ಹಿಡಿದಿದ್ದಳು. ಎಕ್ಸ್‌ರೇ ಕೋಣೆಯಲ್ಲಿ ಅವಳ ಕೆಲಸ. ಬಂದವರಿಗೆಲ್ಲ 'ಸರ, ಬಳೆ, ಉಂಗುರ ತೆಗೀರಿ, ಮೈಮೇಲೆ ಲೋಹ ಇರಬಾರದು' ಎನ್ನುತ್ತ ವರ್ಷಗಳನ್ನು ಕಳೆದವಳು. ದೊಡ್ಡ ಡಾಕ್ಟರು ತಾವೇ ಬಂದು ಹೇಳಿದ್ದರು: ಸಂಜೆಯೊಳಗೆ ಕರೆತಂದರೆ ನಿಮ್ಮ ತಂದೆಗೆ, ಇಲ್ಲದಿದ್ದರೆ ಹೊರಗೆ ಜಗಲಿಯಲ್ಲಿ ಮಲಗಿದವರಿಗೆ. ಇಲ್ಲಿ ನೋಡಿದರೆ ಅವಳು ಕೊಟ್ಟ ಮಾತ್ರೆಗಳನ್ನೆಲ್ಲ ಅಪ್ಪ ನಾಲಿಗೆಯ ಕೆಳಗಿಟ್ಟುಕೊಂಡು, ಅವಳು ತಿರುಗಿದ ಮೇಲೆ ಗೋಡೆಗೆ ಉಗುಳುತ್ತಿದ್ದ. ಗೋಡೆಯ ಸುಣ್ಣದ ಮೇಲೆ ಹಳದಿ ಗೆರೆಗಳು ಇಳಿದಿದ್ದವು.

"ನಾನು ಬರಲ್ಲ," ಎಂದಿದ್ದ ಬೆಳಗ್ಗೆ, ಒಂದೊಂದು ಮಾತಿಗೂ ಉಸಿರನ್ನು ಹುಡುಕಿಕೊಳ್ಳುತ್ತ. "ಅಲ್ಲಿ ಬೀಗ ಬಿಚ್ಚಿಸ್ತಾರೆ."

"ಬಿಚ್ಚಿಸಿದ್ರೆ ಏನಪ್ಪ?"

"ಸತ್ತ ಮೇಲೆ ಇದರ ಸಮೇತ ಹೂತುಬಿಡಿ."

"ಯಾಕೆ ಅಂತಾದ್ರೂ ಹೇಳು."

ಹಟಮಾರಿ. ಊರಿನ ಯಾವ ತಿಜೋರಿಯಾದರೂ ಬಾಯಿ ಬಿಟ್ಟೀತು, ಅಪ್ಪ ಬಿಡುವವನಲ್ಲ.

ಆ ಬೀಗವನ್ನು ಅವಳು ಚಿಕ್ಕಂದಿನಿಂದ ಕಂಡಿದ್ದಳು. ಬೀದಿಗೆಲ್ಲ ಅವನು 'ಕಾಲುಬೀಗದ ಮೇಸ್ತ್ರಿ'. ಯಾರಾದರೂ ಏನು ಮೇಸ್ತ್ರಿ ಇದು ಎಂದರೆ, 'ಹೆಂಡ್ತಿ ಓಡಿಹೋದ್ಲು, ನಾನಾದ್ರೂ ಓಡಿಹೋಗದಿರಲಿ ಅಂತ' ಎಂದು ನಗಿಸಿ ಕಳಿಸುತ್ತಿದ್ದ. ಅಮ್ಮ ಓಡಿಹೋಗಿರಲಿಲ್ಲ, ತಮ್ಮನನ್ನು ಹೆತ್ತು ಸತ್ತಿದ್ದಳು. ಕಾಲು ಎಳೆದುಕೊಂಡೇ ಅಪ್ಪ ಅಂಗಡಿ ನಡೆಸಿದ. ಕಾಲು ಎಳೆದುಕೊಂಡೇ ಮಗಳಿಗೆ ಬೀಗ ಕಲಿಸಿದ. ಜ್ವರ ಬಂದು ಅವಳ ಎಡಗಿವಿ ಹೋದದ್ದೂ ಚಿಕ್ಕಂದಿನಲ್ಲೇ. 'ಒಂದು ಕಿವಿ ಸಾಕು ಬಿಡು, ಬೀಗಕ್ಕೇನು ಎರಡು ಬಾಯಿ ಇದೆಯಾ?' ಅಪ್ಪನ ತಮಾಷೆ ಅದು. ಬಂದವರ ಮುಂದೆಲ್ಲ ಹೇಳಿ ಹೇಳಿ, ಅವಳೂ ನಗುವುದನ್ನು ಕಲಿತಿದ್ದಳು.

ಈಗ ಆ ಒಂದು ಕಿವಿಯನ್ನು ಬೀಗಕ್ಕೆ ಹಚ್ಚಿದಳು. ಟಾರ್ಚು ಜಾರಿ ನೆಲಕ್ಕೆ ಬಿದ್ದು ಮಂಚದಡಿಗೆ ಉರುಳಿತು. ಬಿದ್ದರೆ ಬೀಳಲಿ, ಬೀಗ ತೆಗೆಯುವುದು ಕಣ್ಣಿನ ಕೆಲಸವಲ್ಲ. ಮಂಚ ಹಾಕಿದ್ದ ಅಪ್ಪನ ಬೀಗದಂಗಡಿಯ ಶಟರ್ ಅರ್ಧ ಇಳಿದಿತ್ತು. ಮಧ್ಯಾಹ್ನದ ಬಿಸಿಲು ಹೊಸ್ತಿಲಲ್ಲೇ ನಿಂತು, ಒಳಗೆಲ್ಲ ಎಣ್ಣೆ, ಅರದ ಪುಡಿ, ಮತ್ತು ಹೂದಾನಿಯಲ್ಲಿ ಮರೆತ ನೀರಿನಂಥ ಕಾಯಿಲೆಯ ವಾಸನೆ ಕಟ್ಟಿಕೊಂಡಿತ್ತು. ಮೂರು ಗೋಡೆಗೂ ಮೊಳೆಗಳು, ಮೊಳೆಗಳಿಗೆಲ್ಲ ಬೀಗಗಳು: ಬೀಗದಕೈ ಕಳೆದುಹೋದವು, ತುಕ್ಕು ಹಿಡಿದವು, ತೆಗೆದುಕೊಂಡು ಹೋಗಲು ಯಾರೂ ಬಾರದೆ ಉಳಿದವು.

ಬೀಗದೊಳಗಿನ ಮೊದಲ ಲಿವರ್ ಎದ್ದಿತು. ಎರಡನೆಯದೂ ಎದ್ದಿತು. ಅಷ್ಟರಲ್ಲಿ ಬೀಗದೊಳಗಿಂದ ಒಂದು ಸದ್ದು ಕೇಳಿತು. ಕಬ್ಬಿಣದ್ದಲ್ಲ. ಕೊಡದಲ್ಲಿ ನೀರು ತುಳುಕಿದ ಹಾಗೆ.

ಅವಳು ಕಿವಿ ತೆಗೆದು ಬೀಗವನ್ನು ಅಲ್ಲಾಡಿಸಿ ನೋಡಿದಳು. ಎಣ್ಣೆ ಇರಬೇಕು. ಮತ್ತೆ ಹಚ್ಚಿದಳು. ಮೂರನೆಯ ಲಿವರ್ ಮಾತು ಕೇಳಲಿಲ್ಲ. ಎತ್ತಿದರೆ ಬೀಳುತ್ತಿತ್ತು, ಎತ್ತಿದರೆ ಬೀಳುತ್ತಿತ್ತು. ಬೆವರು ಕಣ್ಣಿಗಿಳಿಯಿತು. ಹಾರ್ನ್ ಮತ್ತೆ ಕುಣಿಯಿತು. ಸಾಕು, ಆಸ್ಪತ್ರೆಗೆ ಫೋನು ಮಾಡಿ ಬೆಡ್ ಬಿಟ್ಟುಕೊಡುತ್ತೇನೆ ಎಂದುಕೊಂಡು ತಂತಿ ಎಳೆಯಲಿದ್ದಳು. ಆಗ ದಿಂಬಿನ ಕಡೆಯಿಂದ ದನಿ ಬಂತು.

"ಮೇಲಕ್ಕಲ್ಲ, ಕತ್ತೆ. ಕೆಳಕ್ಕೆ ಒತ್ತು."

ಅಪ್ಪನ ಕಣ್ಣು ಮುಚ್ಚಿಯೇ ಇತ್ತು. ಮಧ್ಯಾಹ್ನ ಜ್ವರ ಏರಿದ ಮೇಲೆ ಅವನಿಗೆ ಮೈಮೇಲೆ ಎಚ್ಚರವಿರಲಿಲ್ಲ. ಆದರೆ ಜೀವಮಾನವೆಲ್ಲ ಬೀಗಗಳ ನಡುವೆ ಕಳೆದವನು; ತನ್ನೆದುರು ಒಂದು ಬೀಗಕ್ಕೆ ತಪ್ಪಾಗಿ ತಂತಿ ಹಾಕುವುದನ್ನು ಸತ್ತರೂ ಸಹಿಸಲಾರ. ಜ್ವರದ ಆಳದಲ್ಲೂ ಅವನ ಕಿವಿ ಕೆಲಸ ಮಾಡುತ್ತಿತ್ತು. ನಾಲಿಗೆ, ಪಾಪ, ಅಭ್ಯಾಸಬಲದಿಂದ ಪಾಠ ಹೇಳಿತು.

ಮಗಳು ಕೆಳಕ್ಕೆ ಒತ್ತಿದಳು.

ಕಟ್.

ಅಪ್ಪ ಕಣ್ಣು ಬಿಟ್ಟ. ತನ್ನ ನಾಲಿಗೆ ಏನು ಮಾಡಿತೆಂದು ಅವನಿಗೆ ತಕ್ಷಣ ತಿಳಿಯಿತು. ಬೀಗದ ಕಡೆ ಕೈ ಚಾಚಿದ, ಎಟಕಲಿಲ್ಲ.

ಕೊಂಡಿ ಮಾಂಸದಿಂದ ಮೆಲ್ಲಗೆ ಎದ್ದಿತು. ಬೀಗದ ತೂತಿನಿಂದ ನೀರು ಒಸರಿತು. ತಣ್ಣಗೆ, ಕಪ್ಪಗೆ. ಅವಳ ಬೆರಳಿನ ಸಂದಿಯಿಂದ ಇಳಿದು, ನೆಲ ಮುಟ್ಟಿ, ಇಳಿಜಾರಿಲ್ಲದ ನೆಲದ ಮೇಲೆ ನೇರವಾಗಿ ಬಾಗಿಲ ಕಡೆ ಹರಿಯಿತು. ಚಿಕ್ಕಮ್ಮ ಕಿರುಚಿ ಕಾಲೆತ್ತಿಕೊಂಡಳು. ನೀರು ಅವಳನ್ನು ಬಳಸಿ ಹೋಯಿತು. ಹುಡುಕುವವರ ಹಾಗೆ. ಯಾರು ಬೇಕೆಂದು ಗೊತ್ತಿದ್ದವರ ಹಾಗೆ.

ಆಮೇಲೆ ಗೋಡೆ ಮಾತಾಡಿತು. ಕಟ್. ಮೂಲೆಯಲ್ಲೊಂದು ಬೀಗ ಬಾಯಿ ಬಿಟ್ಟಿತು. ಕಟ್. ಅದರ ಪಕ್ಕದ್ದು. ಕಟ್ ಕಟ್. ತುಕ್ಕು ಹಿಡಿದವು. ಕೈ ಕಳೆದವು. ಕಟ್ ಕಟ್ ಕಟ್. ಮೂರು ಗೋಡೆ. ಎಲ್ಲ ಬಾಯಿಗಳು. ಕತ್ತಲೆಯಲ್ಲಿ ಎಲ್ಲವೂ ತೆರೆದುಕೊಂಡು ನೇತಾಡಿದವು.

ಸದ್ದು ನಿಂತಿತು.

ಹಾರ್ನ್ ಶುರುವಾಯಿತು.

ಕುಣಿತವಿಲ್ಲ. ಬಿಡುವಿಲ್ಲ. ಒಂದೇ ಉದ್ದನೆಯ ದನಿ.

ಅವಳು ಓಡಿದಳು. ಶಟರಿಗೆ ತಲೆ ಬಡಿಯಿತು. ಬಿಸಿಲು ಕಣ್ಣಿಗೆ ಹೊಡೆಯಿತು. ತಮ್ಮ ಸ್ಟೀರಿಂಗಿನ ಮೇಲೆ ಎದೆಯೊರಗಿಸಿ ಬಿದ್ದಿದ್ದ. ಭುಜ ಹಿಡಿದು ಎತ್ತಿದಳು, ಹಾರ್ನ್ ನಿಂತಿತು. ಮುಖ ಊದಿ ಕಣ್ಣುಗಳು ಗೆರೆಯಾಗಿದ್ದವು. ಅಂಗಿಯ ಗುಂಡಿಗಳು ಕಿತ್ತುಹೋಗಿದ್ದವು. ಬೆರಳಿನ ಉಂಗುರ ಮಾಂಸದೊಳಗೆ ಮುಳುಗುತ್ತಿತ್ತು, ಅವಳು ನೋಡುತ್ತಿದ್ದ ಹಾಗೆಯೇ.

"ಅಕ್ಕಾ," ಎಂದ. ಮಾತಿನ ಜೊತೆ ಬಾಯಿಂದ ನೀರು ಇಳಿಯಿತು. "ಬೂಟು ಬಿಗಿ ಆಗ್ತಿದೆ ಕಣೇ. ಬಿಚ್ಚೇ."

ಬಿಚ್ಚಲು ಬಾಗಿದಳು. ಲೇಸು ಕಾಣದಷ್ಟು ಕಾಲು ಉಬ್ಬಿತ್ತು. ಆಸ್ಪತ್ರೆ, ಎಂದುಕೊಂಡಳು. ಬೆಡ್ ಇದೆ, ಅಪ್ಪನಿಗೆ ಹಿಡಿದಿಟ್ಟದ್ದು. ಇವನನ್ನು ಪಕ್ಕಕ್ಕೆ ಸರಿಸಿ ನಾನೇ ಓಡಿಸುತ್ತೇನೆ. ಸರಿಸಲು ನೋಡಿದಳು. ಕಲ್ಲುಗುಂಡು. ಚಿಕ್ಕಮ್ಮನೂ ಬಂದು ತೋಳು ಹಿಡಿದೆಳೆದಳು. ಅಲ್ಲಾಡಲಿಲ್ಲ. ಅವನ ತುಟಿ ನೀಲಿಗಟ್ಟುತ್ತಿತ್ತು. ಇಂಥ ತುಟಿಗಳನ್ನು ಅವಳು ಸ್ಟ್ರೆಚರಿನ ಮೇಲೆ ಕಂಡಿದ್ದಳು. ಅವರ ಎಕ್ಸ್‌ರೇ ತೆಗೆಯುವ ಪ್ರಸಂಗವೇ ಬರುತ್ತಿರಲಿಲ್ಲ.

"ಬಿಡು ಅವನನ್ನ. ಒಳಗೆ ಬಾ."

ಅಪ್ಪನ ದನಿ. ತೇಕಿರಲಿಲ್ಲ, ಗೊರಗೊರವಿರಲಿಲ್ಲ. ತಿರುಗಿ ನೋಡಿದರೆ ಶಟರಿನ ಕೆಳಗೆ ಅವನು ನಿಂತಿದ್ದ. ಎರಡು ಕಾಲಿನ ಮೇಲೆ, ನೆಟ್ಟಗೆ. ಊತ ಇಳಿದು ಚರ್ಮ ಜೋತುಬಿದ್ದಿತ್ತು. ಅವನು ಕುಂಟದೆ ನಿಂತದ್ದನ್ನು ಅವಳು ಬುದ್ಧಿ ತಿಳಿದಾಗಿನಿಂದ ಕಂಡಿರಲಿಲ್ಲ. ಬೇರೆ ಯಾರೋ ಅನ್ನಿಸಿತು. ಕೈಯಲ್ಲಿ ಬಾಯಿ ಬಿಟ್ಟ ಬೀಗ.

ಅವಳು ಕೈ ಬಿಟ್ಟಳು. ತಮ್ಮ ಮತ್ತೆ ಮುಂದಕ್ಕೆ ಒರಗಿದ. ಹಾರ್ನ್ ಮತ್ತೆ ಹಿಡಿದುಕೊಂಡಿತು.

ಒಳಗೆ ಅಪ್ಪ ಅವಸರವಾಗಿ, ಲೆಕ್ಕ ಒಪ್ಪಿಸುವವನ ಹಾಗೆ ಹೇಳಿದ. "ಈಗ ಹೇಳಬಹುದು, ಬಿಚ್ಚಿ ಆಯ್ತಲ್ಲ. ಇದು ಅವನ ಕಾಯಿಲೆ. ತೊಟ್ಟಿಲಲ್ಲೇ ನೀರು ತುಂಬಿ ಸಾಯ್ತಾ ಇದ್ದ. ಕಾಯಿಲೆಗೆ ಮಂತ್ರದ ಕಟ್ಟು ಹಾಕೋಳು ಒಬ್ಬಳು ಬಂದಳು. ಕೈ ಇಲ್ಲದ ಬೀಗ ಮಾಡು ಅಂದಳು, ಮಾಡಿದೆ. ಕಾಯಿಲೆ ಒಳಗೆ ಹಾಕಿ, ನನ್ನ ಕಾಲಿಗೆ ಹಾಕಿದಳು. ಇನ್ನೊಂದು ವಾರ ನನ್ನನ್ನ ಸುಮ್ಮನೆ ಬಿಟ್ಟಿದ್ರೆ ನನ್ನ ಜೊತೆ ಮಣ್ಣಾಗ್ತಿತ್ತು. ಅವನು ಪಾರಾಗಿಬಿಡ್ತಿದ್ದ."

ಅವಳಿಗೆ ನಗು ಬಂತು, ಬಾಯಿ ತನಕ ಬಂದು ಅಲ್ಲೇ ಒಣಗಿತು. "ಮತ್ತೆ ಹಾಕ್ಕೋ. ನಿನ್ನ ಕಾಲಿಗೇ ಹಾಕ್ಕೋ."

"ಹಾಕ್ಕೊಂಡು ನೋಡ್ದೆ. ಬಿಚ್ಚಿದ ಕಾಲಿಗೆ ಮತ್ತೆ ಕೂರಲ್ಲ." ಅವನ ಕಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಹಾಕಲು ನೋಡಿದ್ದ, ನಿಜ. ಸುತ್ತಿಗೆಯಿಂದ ಬಡಿದೂ ನೋಡಿದ್ದ. "ಅದೇ ರಕ್ತದ ಇನ್ನೊಬ್ಬರ ಕಾಲು ಬೇಕು. ನೀನಿದೀಯಲ್ಲ."

'ನೀನಿದೀಯಲ್ಲ.' ಉಳಿ ಎಲ್ಲಿ ಎಂದರೆ 'ಅಲ್ಲಿದೆಯಲ್ಲ' ಎಂದ ಹಾಗೆ.

ಅವನು ಅವಳೆದುರು ಕುಕ್ಕರಗಾಲಲ್ಲಿ ಕೂತ. ಚಿಕ್ಕಂದಿನಲ್ಲಿ ಸ್ಕೂಲಿಗೆ ಹೊರಟಾಗ ಅವಳಿಗೆ ಶೂ ಹಾಕುತ್ತಿದ್ದವನು ಹೀಗೆಯೇ ಕೂರುತ್ತಿದ್ದ. ಕೊಂಡಿಯನ್ನು ಅಗಲಿಸಿ ಹಿಡಿದ. ಬೀಗದೊಳಗೆ ನೀರಿನ ಸದ್ದಿರಲಿಲ್ಲ, ಖಾಲಿಯಾಗಿತ್ತು. ಬಾವಿಯೊಳಗೆ ಬಾಗಿದರೆ ಬರುವಂಥ ತಣ್ಣನೆ ಗಾಳಿ ಮಾತ್ರ ಅದರಿಂದ ಬರುತ್ತಿತ್ತು.

"ಬೇಗ. ಅವನಿಗೆ ಉಸಿರಿರೋ ತನಕ ಮಾತ್ರ ಆಗೋದು. ತಕ್ಷಣ ಏನೂ ಆಗಲ್ಲ ನಿನಗೆ. ವರ್ಷಗಟ್ಟಲೆ ಮಲಗಿರುತ್ತೆ. ನನ್ನನ್ನ ನೋಡು."

ಅವಳು ನೋಡಿದಳು. ಜೋತುಬಿದ್ದ ಚರ್ಮ. ಮಂಚ. ಗೋಡೆಯ ಮೇಲಿನ ಹಳದಿ ಗೆರೆಗಳು. ಯಾಕೋ ಒಂದು ಮಾತು, ತಾನೂ ಊಹಿಸಿರದ ಮಾತು, ನಾಲಿಗೆಗೆ ಬಂತು.

"ನನ್ನ ಜ್ವರ ಮೊದಲು ಬಂದಿದ್ದಾ ಅಪ್ಪ, ಇವನದ್ದು ಮೊದಲಾ?"

"ಈಗ ಅದೆಲ್ಲ ಯಾಕೆ?"

"ಯಾವುದು ಮೊದಲು?"

"ನಿನ್ನದು." ಅವನ ಕಣ್ಣು ಅವಳ ಕಾಲಿನ ಮೇಲೇ ಇತ್ತು, ಅಳತೆ ತೆಗೆಯುತ್ತಿತ್ತು. "ಆಗಲೂ ಅವಳು ಬಂದಿದ್ದಳು. ಕಾಲು ಕೊಡ್ತೀಯಾ ಅಂತ ಕೇಳಿದ್ದಳು. ಅಂಗಡಿ ಆಗ ಹೊಸದು ಕಣೇ. ಓಡಾಡೋ ಕಾಲು ಬೇಕಿತ್ತು. ಜ್ವರ ತಾನೇ, ಬಿಡುತ್ತೆ ಅಂದೆ. ಬಿಡ್ತಲ್ಲ? ಒಂದು ಕಿವಿ ತಾನೇ ಹೋಗಿದ್ದು?"

ಬಾಗಿಲಲ್ಲಿ ಚಿಕ್ಕಮ್ಮ ಅಳುತ್ತ ಏನೋ ಕೂಗಿದಳು. ಹಾರ್ನಿನ ದನಿ ಸಣ್ಣಗಾಗುತ್ತಿತ್ತು, ನೀರಿನೊಳಗಿಂದ ಬರುವಂತೆ ಗುಳುಗುಳು ಎನ್ನುತ್ತಿತ್ತು. ತಮ್ಮ ಅವನು. ಹೆಗಲ ಮೇಲೆ ಹೊತ್ತು ಬೆಳೆಸಿದ ತಮ್ಮ. ಮೊದಲ ಸಂಬಳದಲ್ಲಿ ಅವನಿಗೇ ಬೂಟು ಕೊಡಿಸಿದ್ದಳು. ಈಗ ಅವನ ಕಾಲಿಗೆ ಬಿಗಿಯುತ್ತಿದ್ದ ಬೂಟಲ್ಲ, ಅದಕ್ಕೂ ಹಿಂದಿನದು. ಅವಳ ಬಲಗಾಲಿನ ಚಪ್ಪಲಿಯಿಂದ ಹಿಮ್ಮಡಿ ಒಂದಿಷ್ಟು ಮೇಲೆದ್ದಿತು.

ಅದನ್ನು ಕಂಡು ಅಪ್ಪನ ಮುಖ ಅರಳಿತು. ಬೀಗವನ್ನು ಇನ್ನಷ್ಟು ಮುಂದೆ ಚಾಚಿದ. ಹೊಸ ಕಾಲಿನ ಮೇಲೆ ಅವನು ಎಷ್ಟು ಹಗುರಾಗಿ ಕೂತಿದ್ದ! ಮಗಳ ಮುಖವನ್ನು ಅವನು ಒಂದು ಸಲವೂ ನೋಡಲಿಲ್ಲ.

"ಜಾಣೆ," ಎಂದ. "ಕಾಲು ಕೊಡು."

ಅವಳು ಹಿಮ್ಮಡಿಯನ್ನು ನೆಲಕ್ಕೂರಿದಳು. ಬಾಗಿಲ ಕಡೆ ಕೇಳದ ಎಡಗಿವಿ ಬರುವ ಹಾಗೆ ತಿರುಗಿ, ಬಲಗಿವಿಯನ್ನು ಅಂಗೈಯಿಂದ ಮುಚ್ಚಿದಳು. ಹಾರ್ನ್ ನಿಂತುಹೋಯಿತು.

"ಕೊಡಲ್ಲ."