ಮೂರನೆಯ ಸಲದ ಮೊಟ್ಟೆಗಳು

ಶುಕ್ರವಾರ ಬೆಳಗ್ಗೆ ಹತ್ತು ಗಂಟೆಗೆ ಆ ಹೆಣ್ಣುಮಗಳು ಒಂದು ಕೈಯಲ್ಲಿ ನೀರು ತುಂಬಿದ ಬಾಟಲಿ, ಇನ್ನೊಂದು ಕೈಯಲ್ಲಿ ನೋಟುಪುಸ್ತಕ ಹಿಡಿದು ಡಾಕ್ಟರಮ್ಮನ ಮನೆ ಬಾಗಿಲಲ್ಲಿ ನಿಂತಾಗ, ಕಂಪೌಂಡರು ಮೊಣಕಾಲಿಗೆ ಮುಲಾಮು ತಿಕ್ಕಿಕೊಳ್ಳುತ್ತ ಕೂತಿದ್ದರು. ಪಂಚೆ ಸರಿಮಾಡಿಕೊಂಡು ಎದ್ದರು. ಬಂದವಳ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು.

"ಮೀನಿಗೆ ಹುಷಾರಿಲ್ವಾ?" ಡಾಕ್ಟರಮ್ಮ ಬಾಟಲಿ ನೋಡಿ ಕೇಳಿದರು.

"ಮೀನಿಗೂ ಇಲ್ಲ, ಮನೆಗೂ ಇಲ್ಲ," ಅಂದಳು ಅವಳು. "ಮೀನಿಗೆ ನಾನೇ ವಿಷ ಹಾಕ್ತಿದೀನಿ ಅಂತ ನಮ್ಮ ಮಾವ ಹೇಳ್ತಿದಾರೆ."

ಡಾಕ್ಟರಮ್ಮ ಮೂವತ್ತು ವರ್ಷ ಪಶು ಆಸ್ಪತ್ರೆಯಲ್ಲಿ ಎತ್ತಿನಿಂದ ಗಿಳಿಯವರೆಗೆ ಎಲ್ಲದಕ್ಕೂ ಮದ್ದು ಕೊಟ್ಟವರು. ಅಷ್ಟೂ ವರ್ಷ ಪಕ್ಕದಲ್ಲಿ ನಿಂತು ಮುಲಾಮು ಅರೆದವರು ಈ ಕಂಪೌಂಡರು. ಇಬ್ಬರೂ ನಿವೃತ್ತರಾಗಿ ಮೂರು ವರ್ಷವಾಗಿದ್ದರೂ ಬಗೆಹರಿಯದ ಸಂಗತಿಗಳನ್ನು ಹೊತ್ತುಕೊಂಡು ಜನ ಬರುವುದು ನಿಂತಿರಲಿಲ್ಲ. ಬಾಯಿಲ್ಲದ ರೋಗಿಯ ಕಾಯಿಲೆ ಕಂಡುಹಿಡಿದವರಿಗೆ ಬಾಯಿರುವವರ ಗುಟ್ಟು ಏನು ಮಹಾ ಎಂಬುದು ಊರವರ ಲೆಕ್ಕ. ಕಂಪೌಂಡರಿಗೆ ಇದರಲ್ಲಿ ಒಳಗೊಳಗೇ ಹೆಮ್ಮೆಯಿತ್ತು, ಮೇಲ್ನೋಟಕ್ಕೆ ಗೊಣಗುತ್ತಿದ್ದರು ಅಷ್ಟೆ.

ಅವಳು ಹೇಳಿದ ಕತೆ ಇಷ್ಟು. ಮಾವ ನಲವತ್ತು ವರ್ಷ ವಾಚು ರಿಪೇರಿ ಮಾಡಿದವರು. ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದವು. ಅವರಿಗೆ ಉಳಿದಿದ್ದ ಒಂದೇ ಹುಚ್ಚು ಮೀನಿನದು. ತಟ್ಟೆಯಂತೆ ದುಂಡಗಿರುವ ಡಿಸ್ಕಸ್ ಮೀನಿನ ಒಂದು ಜೋಡಿ. ಮರಿಯಿದ್ದಾಗಿಂದ ಸಾಕಿ, ತಾವಾಗಿ ಜೋಡಿಯಾಗುವವರೆಗೆ ಎರಡು ವರ್ಷ ಕಾದಿದ್ದರು. ಆ ಜೋಡಿ ಒಂದೂವರೆ ತಿಂಗಳಲ್ಲಿ ಎರಡು ಸಲ ಮೊಟ್ಟೆಯಿಟ್ಟಿತು. ಎರಡು ಸಲವೂ ಮೀನುಗಳು ಇದ್ದಕ್ಕಿದ್ದಂತೆ ಮೈ ಕಪ್ಪಾಗಿ, ಮೂಲೆ ಸೇರಿ, ಏದುಸಿರು ಬಿಟ್ಟವು. ಮೊದಲನೆಯ ಸಲ ಮೊಟ್ಟೆಗಳನ್ನು ತಾವೇ ತಿಂದವು, ಎರಡನೆಯ ಸಲ ಮೊಟ್ಟೆಗಳೆಲ್ಲ ಬೆಳ್ಳಗಾಗಿ ಕೆಟ್ಟವು.

"ನಿನ್ನೆ ಮೂರನೇ ಸಲ ಇಟ್ಟಿವೆ," ಅಂದಳು. "ಟ್ಯಾಂಕ್ ಮುಟ್ಟೋಳು ನಾನೊಬ್ಳೇ. ಮಾವ ಆಸ್ಪತ್ರೇಲಿದ್ದಾಗ, ಇದನ್ನ ಯಾರಿಗಾದ್ರೂ ಕೊಟ್ಬಿಡೋಣ, ನನ್ಕೈಲಿ ಆಗಲ್ಲ ಅಂತ ಒಂದ್ಸಲ ಬಾಯಿ ಜಾರಿ ಅಂದಿದ್ದೆ. ಅದನ್ನೇ ಮನಸ್ಸಲ್ಲಿ ಇಟ್ಕೊಂಡಿದಾರೆ. ವ್ಯಾಯಾಮ ಮಾಡಿಸೋಕೆ ಬರೋ ಫಿಸಿಯೋ ಎದುರಿಗೇ ನನ್ನ ವಿಷಗಾತಿ ಅಂದ್ರು. ನಮ್ಮನೆಯವ್ರು ಬಾಯಿ ಬಿಡ್ಲಿಲ್ಲ. ಈ ಸಲಾನೂ ಮೊಟ್ಟೆ ಹೋದ್ರೆ ನಾನು ಆ ಮನೇಲಿ ಇರಲ್ಲ ಅಮ್ಮ. ಸೂಟ್‌ಕೇಸ್ ಇಳಿಸಿಟ್ಟಿದೀನಿ."

ಡಾಕ್ಟರಮ್ಮ ಬಾಟಲಿಯ ಮುಚ್ಚಳ ತೆಗೆದು ಮೂಸಿ, ಕಂಪೌಂಡರ ಮೂಗಿನ ಹತ್ತಿರ ಹಿಡಿದರು. "ಏನು ವಾಸನೆ?"

ಕಂಪೌಂಡರಿಗೆ ಘಮ್ಮೆಂದು ಮುಲಾಮಿನ ವಾಸನೆಯೇ ಬಡಿಯಿತು. ನಾಚಿಕೆಯಾಗಿ ಕೈ ಹಿಂದಕ್ಕೆ ಮಾಡಿಕೊಂಡರು. "ನನ್ನ ಕೈದೇ ವಾಸನೆ ಅಮ್ಮಾವ್ರೆ. ಬೇರೇನೂ ಗೊತ್ತಾಗ್ತಿಲ್ಲ."

"ನಿಮ್ಮ ಮೊಣಕಾಲು ಯಾವತ್ತಾದ್ರೂ ಒಂದು ದಿನ ನಮ್ಮ ಕೇಸು ಕೆಡಿಸುತ್ತೆ," ಅಂದು ಡಾಕ್ಟರಮ್ಮ ನೋಟುಪುಸ್ತಕ ಬಿಡಿಸಿದರು.

ಮಾವ ಕಲಿಸಿದ ಶಿಸ್ತಿನಲ್ಲೇ ಸೊಸೆ ಅದನ್ನು ಬರೆದಿದ್ದಳು. ನೀರಿನ ಬಿಸಿ, ಹಾಕಿದ ಆಹಾರ, ಮೀನಿನ ಬಣ್ಣ, ಎಲ್ಲ ದಿನದಿನಕ್ಕೂ ಇತ್ತು. ಭಾನುವಾರ ಮತ್ತು ಬುಧವಾರ 'ನೀರು ಬದಲಾಯಿಸಿದೆ' ಎಂದಿತ್ತು. ಕೆಲವು ದಿನಗಳ ಮುಂದೆ 'ಸಂಜೆ ಕಪ್ಪು' ಎಂದಿತ್ತು. ಡಾಕ್ಟರಮ್ಮ ಆ ದಿನಗಳ ಮೇಲೆ ಬೆರಳಿಡುತ್ತ ಹೋದರು. ಮಂಗಳವಾರ, ಶುಕ್ರವಾರ, ಮತ್ತೆ ಮಂಗಳವಾರ.

"ಮಂಗಳವಾರ, ಶುಕ್ರವಾರ ನಿಮ್ಮನೇಲಿ ಏನಮ್ಮ ವಿಶೇಷ?"

"ಫಿಸಿಯೋ ಬರ್ತಾರೆ. ಹನ್ನೆರಡಕ್ಕೆ ಬಂದು ಕೈಕಾಲಿಗೆ ಎಣ್ಣೆ ತಿಕ್ಕಿ ವ್ಯಾಯಾಮ ಮಾಡಿಸಿ ಒಂದಕ್ಕೆ ಹೋಗ್ತಾರೆ. ಎರಡು ತಿಂಗಳಿಂದ ಬರ್ತಿದಾರೆ. ಒಂದರ ಮೇಲೆ ನಾನು ದಿನಾ ಹೊಲಿಗೆ ಕ್ಲಾಸಿಗೆ ಹೋದ್ರೆ ಬರೋದು ಐದಕ್ಕೆ."

ಡಾಕ್ಟರಮ್ಮ ಗಡಿಯಾರ ನೋಡಿ ಎದ್ದರು. "ಇವತ್ತು ಶುಕ್ರವಾರ. ನಡೀರಿ ಕಂಪೌಂಡರೇ, ಕೈ ಸೋಪು ಹಾಕಿ ತೊಳ್ಕೊಳ್ಳಿ."

ಆ ಮನೆಯ ಮುಂದಿನ ಕೋಣೆ ಚೊಕ್ಕಟವಾಗಿತ್ತು. ಒಂದು ಗೋಡೆಗೆ ವಾಚು ರಿಪೇರಿಯ ಹಳೆಯ ಮೇಜು, ಅದರ ಮೇಲೆ ಮುಚ್ಚಿಟ್ಟ ಭೂತಗನ್ನಡಿ. ಪಕ್ಕದಲ್ಲಿ ಅಷ್ಟೇ ತಗ್ಗಿನ ಸ್ಟ್ಯಾಂಡಿನ ಮೇಲೆ ಗಾಜಿನ ತೊಟ್ಟಿ. ಕೂತಲ್ಲಿಂದಲೇ ಕಾಣಲಿ ಎಂದು ಮನೆಯ ಯಜಮಾನರು, ಅಂದರೆ ಅವಳ ಮಾವ, ತಾವೇ ಹಾಗೆ ಮಾಡಿಸಿದ್ದರಂತೆ. ತೊಟ್ಟಿಯ ಎಡತುದಿಗೆ ಒತ್ತಿಕೊಂಡು ಅವರ ಗಾಲಿಕುರ್ಚಿ. ಬಲಗೈ ದಿಂಬಿನ ಮೇಲೆ ಬಿದ್ದುಕೊಂಡಿತ್ತು.

"ಪೊಲೀಸರನ್ನ ಕರೀತೀನಿ ಅಂದಿದ್ದೆ, ದನದ ಡಾಕ್ಟ್ರನ್ನ ಕರ್ಕೊಂಡು ಬಂದ್ಳಾ?" ಅಂದರು ಯಜಮಾನರು. ಮಾತು ಸ್ವಲ್ಪ ತೊದಲುತ್ತಿದ್ದರೂ ಖಾರಕ್ಕೆ ಕಡಿಮೆಯಿರಲಿಲ್ಲ.

"ದನಕ್ಕಿಂತ ಮನುಷ್ಯರೇ ಜಾಸ್ತಿ ಒದೀತಾರೆ, ಅಭ್ಯಾಸ ಇದೆ," ಅಂದರು ಡಾಕ್ಟರಮ್ಮ. "ಟ್ಯಾಂಕ್ ನೋಡಬಹುದಾ?"

"ನೋಡಿ. ಮುಟ್ಟೋದಾದ್ರೆ ಮಾತ್ರ ಅಲ್ಲಿ ಬೇಸಿನ್ನಲ್ಲಿ ಮೊಣಕೈವರೆಗೆ ಬರೀ ನೀರಲ್ಲಿ ತೊಳ್ಕೋಬೇಕು. ಸೋಪು ಕೂಡದು. ನನ್ನ ಮಗ ಪ್ರೆಸ್ಸಿನ ಶಾಯಿ ಕೈಯಿಂದ ಬರ್ತಾನೆ ಅಂತ ಅವನಿಗೂ ಮುಟ್ಟೋಕೆ ಬಿಟ್ಟಿಲ್ಲ."

ಕುರ್ಚಿಯ ಪಕ್ಕದಲ್ಲೇ ತಗ್ಗು ಸ್ಟೂಲಿನ ಮೇಲೆ ಬೇಸಿನ್ ಇತ್ತು. ಕಂಪೌಂಡರು ಬಗ್ಗಿ ನೋಡಿದರು. ಬುಡ ಮೇಲಾಗಿ ನಿಲ್ಲಿಸಿದ ಮಣ್ಣಿನ ಕುಡಿಕೆಯ ಮೈತುಂಬ ಸಾಸಿವೆಗಿಂತ ಚಿಕ್ಕ ಮೊಟ್ಟೆಗಳು ಅಂಟಿಕೊಂಡಿದ್ದವು. ಹೆಣ್ಣು ಮೀನು ಈಜುರೆಕ್ಕೆ ಬೀಸಿ ಅವುಗಳ ಮೇಲೆ ನೀರಾಡಿಸುತ್ತಿತ್ತು. ಗಂಡು ಪಕ್ಕದಲ್ಲಿ ಕಾವಲಿಗಿತ್ತು. ಎರಡೂ ಕುಡಿಕೆಯ ಬಲಗಡೆಗೇ ಇದ್ದವು, ಕುರ್ಚಿಯಿದ್ದ ಎಡಮೂಲೆಗೆ ಬರುತ್ತಿರಲಿಲ್ಲ.

"ಮೊದಲು ಹೀಗಿರ್ಲಿಲ್ಲ," ಅಂದಳು ಸೊಸೆ ಮೆಲ್ಲಗೆ. "ಮಾವ ಕೂತ್ರೆ ಸಾಕು, ಗಂಡು ಈ ಮೂಲೇಗೇ ಓಡಿ ಬರ್ತಿತ್ತು. ಅವರ ಬಲಗೈ ಬೆರಳಿಂದ ತಿಂತಿತ್ತು."

ಯಜಮಾನರು ಮುಖ ತಿರುಗಿಸಿಕೊಂಡರು.

ಡಾಕ್ಟರಮ್ಮ ಬಗ್ಗಿ, ಕಿಟಕಿಯ ಬೆಳಕು ಬೀಳುವ ಓರೆಯಲ್ಲಿ ನೀರಿನ ಮೇಲ್ಮೈ ನೋಡಿದರು. ಬಲತುದಿಯಲ್ಲಿ ಗಾಳಿಯ ಗುಳ್ಳೆಗಳು ನೀರನ್ನು ಕಲಕುತ್ತಿದ್ದವು, ಎಡಮೂಲೆ ನಿಶ್ಚಲವಾಗಿತ್ತು. ಎರಡು ಹೋಳಿನ ಗಾಜಿನ ಮುಚ್ಚಳದಲ್ಲಿ ಎಡಗಡೆಯದು ನಾಲ್ಕು ಬೆರಳಗಲ ಸರಿದಿತ್ತು. ನಿನ್ನೆ ಈ ಕಡೆಯ ಮುಚ್ಚಳ ತೆಗೆದಿರಾ ಎಂದು ಅವರು ಕೇಳಿದಾಗ ಸೊಸೆ ಇಲ್ಲವೆಂದಳು, ತಾನು ಬಲಗಡೆಯದನ್ನೇ ತೆಗೆಯುವುದು ಎಂದಳು. ಆಮೇಲೆ ಡಾಕ್ಟರಮ್ಮನ ಕಣ್ಣು ಯಜಮಾನರ ಬಿಳಿ ಅಂಗಿಯ ಮೇಲೆ ಬಿತ್ತು. ಎಡತೋಳಿನ ತುದಿ ಮೊಣಕೈವರೆಗೆ ನೀಟಾಗಿ ಮಡಚಿತ್ತು. ಬಲತೋಳು ಮಾತ್ರ ಒದ್ದೆಯಾಗಿ ಒಣಗಿದಂತೆ ಮುದುರಿ ನಿಂತಿತ್ತು.

"ಅಂಗಿ ಇವತ್ತಿಂದಾ, ನಿನ್ನೇದಾ?"

"ನಿನ್ನೇದು. ಇನ್ನೂ ಸ್ನಾನ ಆಗಿಲ್ಲ. ದಿನಾ ಮಗನೇ ಸ್ನಾನ ಮಾಡಿಸೋದು, ಇವತ್ತು ಬೇಗ ಹೋದ," ಅಂದರು ಯಜಮಾನರು. "ನನ್ನ ಅಂಗಿಗೂ ಮೀನಿಗೂ ಏನು ಸಂಬಂಧ?"

ಹನ್ನೆರಡಕ್ಕೆ ಸರಿಯಾಗಿ ಫಿಸಿಯೋ ಬಂದ. ಗಟ್ಟಿಮುಟ್ಟಾದ, ಮೆತ್ತಗೆ ಮಾತಾಡುವ ಆಳು. ಬಲಗೈಗೆ ಭುಜದಿಂದ ಬೆರಳ ತುದಿಯವರೆಗೆ ಎಣ್ಣೆ ತಿಕ್ಕಿದ. ಕೋಣೆಯೆಲ್ಲ ಕಂಪೌಂಡರ ಮುಲಾಮಿನಂಥದೇ ವಾಸನೆ ತುಂಬಿತು. ಕಂಪೌಂಡರಿಗೆ ಇವನ ಮೇಲೇ ಅನುಮಾನ ಗಟ್ಟಿಯಾಗಿ, ಅವನ ಕೈಯಿಂದ ಕಣ್ಣು ಕೀಳಲಿಲ್ಲ. ಆದರೆ ಅವನು ತೊಟ್ಟಿಯ ಹತ್ತಿರವೂ ಸುಳಿಯದೆ, ಬಚ್ಚಲಿಗೆ ಹೋಗಿ ಸೋಪಿನಲ್ಲಿ ಕೈ ತೊಳೆದು, ಚೀಲ ಎತ್ತಿಕೊಂಡು ಹೊರಟ.

"ಹತ್ತು ನಿಮಿಷ ಇರಿ," ಅಂದರು ಡಾಕ್ಟರಮ್ಮ. "ನಿಮ್ಮನೆಯವರನ್ನೂ ಬರಹೇಳಮ್ಮ."

ಬೀದಿಯ ಆ ತುದಿಯ ಪ್ರೆಸ್ಸಿನಿಂದ ಮಗ ಶಾಯಿಯ ಕೈಯಲ್ಲೇ ಓಡಿಬಂದ. ಬಂದವನು ಹೆಂಡತಿಯ ಮುಖ ನೋಡಲಾಗದೆ ಬಾಗಿಲಿಗೆ ಆತು ನಿಂತ. ಕಂಪೌಂಡರಿಗೆ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು.

"ಇದನ್ನ ಯಜಮಾನರ ಹತ್ರ ಒಬ್ಬರೇ ಇದ್ದಾಗ ಹೇಳಬಹುದಿತ್ತು," ಡಾಕ್ಟರಮ್ಮ ಶುರುಮಾಡಿದರು. "ಆದರೆ ವಿಷಗಾತಿ ಅನ್ನೋ ಮಾತು ಎಲ್ಲರ ಮುಂದೆ ಬಂದಿದೆ. ಅದನ್ನ ತೊಳೆಯೋದೂ ಎಲ್ಲರ ಮುಂದೇನೇ ಆಗಬೇಕು. ಮೊದಲು ಸೊಸೆ ವಿಷಯ. ನೋಟ್‌ಬುಕ್ ನೋಡಿ. ಭಾನುವಾರ, ಬುಧವಾರ ನೀರು ಬದಲಾಯಿಸಿದಾಳೆ. ಮರುದಿನ ಪ್ರತಿ ಸಲವೂ ಮೀನಿನ ಬಣ್ಣ ಮತ್ತೆ ಸರಿಯಾಗಿದೆ. ವಿಷ ಹಾಕೋರು ವಾರಕ್ಕೆರಡು ಸಲ ಕೂತು ವಿಷ ತೆಗೆಯಲ್ಲ. ಇವಳಿಂದಲೇ ಈ ಜೋಡಿ ಇನ್ನೂ ಬದುಕಿರೋದು."

ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಮೀನು ಕಪ್ಪಾಗಿದ್ದು ಮಂಗಳವಾರ, ಶುಕ್ರವಾರ ಮಾತ್ರ. ಅಂದ್ರೆ ಎಣ್ಣೆ ತಿಕ್ಕೋ ದಿನ." ಅವರು ನೋಟುಪುಸ್ತಕದಿಂದ ಒಂದು ಖಾಲಿ ಹಾಳೆ ಹರಿದು, ತೊಟ್ಟಿಯ ಎಡಮೂಲೆಯ ನೀರಿನ ಮೇಲೆ ಮೆಲ್ಲಗೆ ಮುಟ್ಟಿಸಿ ತೆಗೆದು, ಫ್ಯಾನಿನ ಕೆಳಗೆ ಹಿಡಿದು ಒಣಗಿಸಿದರು. ಬೆಳಕಿಗೆ ಎತ್ತಿದಾಗ ನೀರು ಆರಿದರೂ ಆರದ, ಬೆಳಕು ತೂರಿಬರುವ ಚುಕ್ಕೆಗಳು ಕಂಡವು. "ಎಣ್ಣೆ. ಬಾಟಲಿ ನೀರಲ್ಲೂ ಇತ್ತು. ಕಂಪೌಂಡರು ಅದನ್ನ ತಮ್ಮ ಮೊಣಕಾಲಿನ ತಲೆಗೆ ಕಟ್ಟಿದ್ರು."

ಮೂವತ್ತು ವರ್ಷ ಮುಲಾಮು ಅರೆದ ಮೂಗು ತನ್ನನ್ನೇ ಹೀಗೆ ಮೋಸ ಮಾಡಿತಲ್ಲ ಎಂದು ಕಂಪೌಂಡರು ತಲೆ ತಗ್ಗಿಸಿದರು.

"ಈ ಮೀನಿನ ಮೈಮೇಲೆ ಲೋಳೆ ಇರುತ್ತೆ. ಮರಿ ಹುಟ್ಟಿದ್ಮೇಲೆ ಅಪ್ಪ ಅಮ್ಮನ ಮೈಗಂಟಿ ಅದನ್ನೇ ತಿಂದು ಬೆಳೀಬೇಕು. ಖಾರದ ಎಣ್ಣೆ ತಾಗಿದ್ರೆ ಮೈ ಉರಿಯುತ್ತೆ, ಕಿವಿರು ಉರಿಯುತ್ತೆ, ಹೆದರಿ ಮೊಟ್ಟೇನೇ ತಿನ್ನುತ್ವೆ, ಇಲ್ಲಾ ಬಿಟ್ಟು ದೂರ ಹೋಗಿ ಮೊಟ್ಟೆ ಕೆಡುತ್ವೆ. ಹಾಗಾದ್ರೆ ಎಣ್ಣೆ ಕೈ ನೀರಿಗೆ ಹಾಕಿದ್ಯಾರು? ಫಿಸಿಯೋ ಸೋಪಲ್ಲಿ ತೊಳೆದು ಹೋಗ್ತಾರೆ, ಈಗಷ್ಟೇ ನೋಡಿದೆ. ಮಗನ ಕೈಗೆ ಶಾಯಿ, ಎಣ್ಣೆ ಅಲ್ಲ. ಸೊಸೆ ಬಲಗಡೆ ಮುಚ್ಚಳ ತೆಗೀತಾಳೆ, ಸರಿದಿರೋದು ಎಡಗಡೇದು. ಒಂದರಿಂದ ಐದರವರೆಗೆ ಈ ಮನೇಲಿ ಇರೋದು ಒಬ್ಬರೇ."

ಯಜಮಾನರು ಎಡಗೈ ಎತ್ತಿ ಕುರ್ಚಿಯ ಕೈಗೆ ಬಡಿದರು. "ನಾನಾ? ನಾನು ಕೈ ತೊಳೀದೆ ಇಡ್ತೀನಾ? ಟ್ಯಾಂಕ್ ಇಟ್ಟಾಗಿಂದ ಒಂದು ದಿನ ತೊಳೀದೆ ಮುಟ್ಟಿದ್ದಿಲ್ಲ! ಇವತ್ತೂ ಮೊಣಕೈವರೆಗೆ..."

"ತೊಳ್ಕೋತೀರಿ. ಎಡಗೈ," ಅಂದರು ಡಾಕ್ಟರಮ್ಮ. ಅವರ ದನಿ ತಗ್ಗಿತ್ತು. "ಬೇಸಿನ್ನಲ್ಲಿ ಎಡಗೈ ಅದ್ದಿ ಅದ್ದಿ ತೊಳೆದು, ಆ ತೊಳೆದ ಕೈಯಲ್ಲಿ ಬಲಗೈ ಎತ್ತಿ ನೀರಿಗೆ ಇಳಿಸ್ತೀರಿ. ಬಲತೋಳಿನ ಬಟ್ಟೆ ಅದಕ್ಕೇ ಒದ್ದೆಯಾಗಿ ಮುದುರಿರೋದು. ದಿನಾ ಇಳಿಸ್ತೀರಿ. ಮಗ ಸ್ನಾನ ಮಾಡಿಸಿದ ದಿನ ತೊಂದರೆ ಇಲ್ಲ, ಎಣ್ಣೆ ದಿನ ಮಾತ್ರ ತೊಂದರೆ. ಯಜಮಾನರೇ, ಆ ಬಲಗೈನ ನೀವು ಕೈ ಅಂತ ಲೆಕ್ಕಕ್ಕೇ ಇಟ್ಕೊಂಡಿಲ್ಲ. ಅದಕ್ಕೇ ಅದನ್ನ ತೊಳೀಬೇಕು ಅಂತ ಹೊಳೀಲೇ ಇಲ್ಲ."

ಯಜಮಾನರು ದಿಂಬಿನ ಮೇಲೆ ಮಿರಮಿರ ಹೊಳೆಯುತ್ತ ಬಿದ್ದಿದ್ದ ತಮ್ಮ ಬಲಗೈಯನ್ನು ನೋಡಿದರು. ಅದನ್ನು ಈಗಷ್ಟೇ ಯಾರೋ ತಂದು ಅಲ್ಲಿಟ್ಟ ಹಾಗೆ ನೋಡುತ್ತಿದ್ದರು.

"ನೀರಲ್ಲಿ ಅದು ಹಗುರ ಆಗುತ್ತೆ," ಅಂದರು. "ಒಂದು ದಿನ ಗಂಡು ಬಂದು ಕಿರುಬೆರಳು ಕಚ್ತು. ಕಚ್ಚಿದ್ದು ಗೊತ್ತಾಯ್ತು ಅನ್ನಿಸ್ತು. ಭ್ರಮೆಯೇನೋ. ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ನೀವೆಲ್ಲ ಆಸೆ ಇಟ್ಕೋತೀರಿ. ಇನ್ನೊಂದ್ಸಲ ಕಚ್ಲಿ, ಖಚಿತ ಆಗ್ಲಿ ಅಂತ ದಿನಾ ಕಾಯ್ತಿದ್ದೆ. ಅದು ಹತ್ರಾನೇ ಬರ್ಲಿಲ್ಲ." ಸೊಸೆಯ ಕಡೆ ತಿರುಗಿದರು. "ನಾನೇ ಓಡಿಸಿದೆ. ಮೊಟ್ಟೆ ಎಲ್ಲ ನಾನೇ ಕೊಂದೆ. ಮಾಡಿದ್ದು ನಾನು, ಹೊರಿಸಿದ್ದು ನಿನ್ನ ತಲೆಗೆ. ತಪ್ಪಾಯ್ತು ಕಣಮ್ಮ."

ಎಷ್ಟೋ ಕೇಸುಗಳಲ್ಲಿ ಅಪರಾಧಿ ಸಿಕ್ಕಾಗ ಖುಷಿಪಟ್ಟಿದ್ದ ಕಂಪೌಂಡರಿಗೆ ಇವತ್ತು ಆ ಖುಷಿ ಬೇಡವೆನ್ನಿಸಿತು.

ಸೊಸೆ ಎದ್ದು ಒಳಗೆ ಹೋದಳು. ಸೂಟ್‌ಕೇಸಿಗೇ ಹೋದಳೆಂದು ಕಂಪೌಂಡರು ಹೆದರಿದರು. ಆದರೆ ಅವಳು ಬಕೆಟ್ಟು, ಮಗ್ಗು, ಸೋಪು ಹಿಡಿದು ಬಂದು ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

"ಇವತ್ತೊಂದಿನ ಸೋಪು ಹಾಕ್ಲೇಬೇಕು ಮಾವ," ಅಂದಳು. "ಎಣ್ಣೆ ಬರೀ ನೀರಿಗೆ ಬಿಡಲ್ಲ. ಆಮೇಲೆ ಸೋಪು ಹೋಗೋವರೆಗೆ ತೊಳೀತೀನಿ."

ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಮೊಣಕೈಯಿಂದ ಬೆರಳವರೆಗೆ ಉಜ್ಜಿದಳು. ಒಂದೊಂದು ಬೆರಳನ್ನೂ ಬಿಡಿಸಿ, ಸಂದಿಗೊಂದಿಗಳನ್ನೂ ತೊಳೆದಳು. ಗಂಡ ತಾನಾಗಿ ಬಂದು ಒಳಗಿಂದ ಇನ್ನೊಂದು ಬಕೆಟ್ಟು ಬಿಸಿನೀರು ತಂದಿಟ್ಟ. ಅವಳು ಮಗ್ಗಿನಿಂದ ಬೆರಳುಗಳ ಮೇಲೆ ಸುರಿದಳು.

"ಸ್ವಲ್ಪ ತಣ್ಣೀರು ಸೇರ್ಸಮ್ಮ," ಅಂದರು ಯಜಮಾನರು. "ಬಿಸಿ ಇದೆ."

ಮಗ್ಗು ಹಿಡಿದ ಕೈ ಹಾಗೇ ನಿಂತಿತು. ಅವರ ಎಡಗೈ ಕುರ್ಚಿಯ ಕೈಯ ಮೇಲಿತ್ತು, ಒಣಗಿತ್ತು. ಫಿಸಿಯೋ ಹೆಗಲಿಂದ ಚೀಲ ಇಳಿಸಿದ.

"ಎಲ್ಲಿ ಬಿಸಿ ಮಾವ?" ಅಂದಳು ಸೊಸೆ.

ಯಜಮಾನರು ಉತ್ತರಿಸಲು ಬಾಯಿ ತೆರೆದವರು ಆಗ ಅರ್ಥವಾಗಿ ಬಲಗೈ ನೋಡಿದರು. ಮಗುವಿನ ಹಾಗೆ ಅಳತೊಡಗಿದರು. "ಕಿರುಬೆರಳಿಗೆ," ಅಂದರು. "ಇನ್ನೊಂದ್ಸಲ ಹಾಕು."

ಸೋಮವಾರ ಕಂಪೌಂಡರು ದಾರಿಯಲ್ಲಿ ಹಾಗೇ ಬಂದೆ ಎಂದು ಸುಳ್ಳು ಹೇಳಿಕೊಂಡು ಆ ಮನೆಗೆ ಹೋದರು. ಸೂಟ್‌ಕೇಸು ಬೀರುವಿನ ಮೇಲೆ ಹತ್ತಿ ಕೂತಿತ್ತು. ಸೊಸೆ ನೋಟುಪುಸ್ತಕ ತಂದು ತೋರಿಸಿದಳು. ಕೊನೆಯ ಸಾಲು ಅವಳ ಅಕ್ಷರವಾಗಿರಲಿಲ್ಲ. ಎಡಗೈಯಲ್ಲಿ, ಒಂದನೇ ಕ್ಲಾಸಿನವರಂತೆ ಸೊಟ್ಟಸೊಟ್ಟಗೆ ಬರೆದಿತ್ತು: 'ಭಾನುವಾರ. ಮರಿ ಹೊರಬಂದವು. ಮೊದಲು ನೋಡಿದ್ದು ನನ್ನ ಸೊಸೆ.'