ಸೌಂದರ್ಯದ ಕೊನೆಯ ಹಾಡು

ಒರ್ಸೋಲಾ ಬೀರು ತೆರೆದಾಗ ಸಂಜೆಯ ಸಂಗೀತರೂಪಕದ ಕೊನೆಯ ಹಾಡಿನ ಕಟ್ಟು ಇರಲಿಲ್ಲ. ಉಳಿದ ಹಾಳೆಗಳೆಲ್ಲ ಇದ್ದಲ್ಲೇ ಇದ್ದವು. ಬೀಗ ಮುರಿದಿರಲಿಲ್ಲ.

"ಕೀಲಿ ಇರೋದು ನಿಮ್ಮ ಹತ್ರ, ಒರ್ಸೋಲಮ್ಮ," ಅರಮನೆಯ ಪಾರುಪತ್ಯಗಾರ ಫಾಬ್ರಿತ್ಸಿಯೊ ಹೇಳಿದ. "ಸಂಜೆ ಕಾರ್ಡಿನಲ್‌ರ ಅತಿಥಿಗಳು ಬರ್ತಾರೆ. ಹಾಡು ಸಿಗದಿದ್ರೆ ರೋಮ್‌ನಲ್ಲಿ ಯಾರೂ ನಿಮ್ಮ ಕೈಗೆ ಕೆಲಸ ಕೊಡಲ್ಲ."

ಗಂಡ ಸತ್ತ ಹನ್ನೊಂದು ವರ್ಷದಿಂದ ಸಂಗೀತಗಾರರ ಸ್ವರದ ಹಾಳೆಗಳನ್ನು ನಕಲು ಮಾಡಿಯೇ ಅವಳು ಹೊಟ್ಟೆ ಹೊರೆದಿದ್ದಳು. ಹಾಡು ಕಟ್ಟಿದಾತ ಮಹಡಿಯಲ್ಲಿ ಜ್ವರದಿಂದ ಮಲಗಿದ್ದ; ಅವನ ಮೂಲ ಹಾಳೆಯೂ ಅದೇ ಕಟ್ಟಿನಲ್ಲಿತ್ತು. ಸೌಂದರ್ಯ ಎಂಬ ಪಾತ್ರ ಭೋಗವನ್ನು ತೊರೆದು ಕಾಲಕ್ಕೆ ತಲೆಬಾಗುವ ಆ ಹಾಡನ್ನು ಇನ್ನೂ ಯಾರೂ ನೋಡಿರಲಿಲ್ಲ, ನಕಲು ಮಾಡಿದ ಅವಳ ಹೊರತು.

* * *

ಮೊದಲು ಪಿಟೀಲಿನ ತದ್ದೇಯೊನ ಮೇಲೆ ಗುಮಾನಿ. ಹೋದ ವಾರ ಅವನ ಒಂಟಿ ವಾದನವನ್ನು ಕಿತ್ತುಹಾಕಿದ್ದರು. ಕೂಗಾಡಿದ್ದ.

"ಅದನ್ನ ಈ ಹಾಡಲ್ಲೇ ವಾಪಸ್ ಕೊಟ್ಟಿದ್ದಾರಂತೆ," ಎಂದ. "ನನ್ನ ಮನೆಗೆ ನಾನೇ ಕನ್ನ ಹಾಕ್ಲಾ?"

ಮಾತು ಸರಿಯಿತ್ತು. ಒರ್ಸೋಲಾ ನೆನಪಿನಿಂದ ಬರೆಯಲು ಕೂತಳು. ಹುಡುಗಿಯಾಗಿದ್ದಾಗ ಅವಳೂ ಹಾಡುತ್ತಿದ್ದಳು. ಇಲ್ಲಿ ಹೆಂಗಸರು ಸಭೆಯಲ್ಲಿ ಹಾಡುವಂತಿಲ್ಲ. ಸೌಂದರ್ಯಕ್ಕೂ ಗಂಡಸಿನದೇ ದನಿ. ಹಾಗಾಗಿ ಬರೆದುದನ್ನೆಲ್ಲ ಮನಸ್ಸಿನಲ್ಲೇ ಹಾಡಿಕೊಳ್ಳುವುದು ಅವಳ ರೂಢಿ. ಹಾಡಿನ ತುದಿಗೆ ಬಂದಾಗ ಕೈ ನಿಂತಿತು. ಎಷ್ಟು ಎತ್ತರದ ಸ್ವರ!

ಇಡೀ ಹಾಡನ್ನು ಎರಡು ಸ್ವರ ಕೆಳಗಿಳಿಸಿ ಬರೆದಳು.

* * *

ಸೌಂದರ್ಯದ ಪಾತ್ರ ಚೆಲ್ಸೊನದು. ದನಿ ಒಡೆಯದಿರಲೆಂದು ಎಂಟನೇ ವಯಸ್ಸಿನಲ್ಲೇ ಅವನ ಬೀಜ ತೆಗೆಸಿದ್ದರು. ಈಗ ನಲವತ್ತು ದಾಟಿತ್ತು. ಹಾಡನ್ನು ಕಂಡೇ ಇಲ್ಲ ಎಂದು ಬೆಳಿಗ್ಗೆ ಆಣೆಯಿಟ್ಟಿದ್ದ. ಹೊಸ ಹಾಳೆ ನೋಡಿದ್ದೇ ಅವನ ಹೆಗಲು ಸಡಿಲವಾಯಿತು.

"ಅಬ್ಬ! ಇಳಿಸಿದ್ದೀರಲ್ಲ ಅಕ್ಕ, ಪುಣ್ಯ ಬರ್ಲಿ."

"ಇಳಿಸಿದ್ದು ಅಂತ ಹೇಗೆ ಗೊತ್ತಾಯ್ತು, ತಮ್ಮಾ? ಮೊದಲಿನದನ್ನ ನೀನು ನೋಡೇ ಇಲ್ವಲ್ಲ."

ಚೆಲ್ಸೊ ಕುಸಿದು ಕೂತ. "ನಿನ್ನೆ ನೀವು ಕೈಯ ಮಸಿ ತೊಳೆಯೋಕೆ ಹೋದಾಗ ಕೀಲಿ ಮೇಜಿನ ಮೇಲಿತ್ತು. ಆ ಸ್ವರ ನನಗೀಗ ಎಟುಕಲ್ಲ. ಜನ ನಗ್ತಾರೆ."

"ಕಳ್ಳ ಆ ಒಂದು ಹಾಡನ್ನೇ ಒಯ್ದ," ಒರ್ಸೋಲಾ ಹೇಳಿದಳು. "ಅದರ ತುದಿ ಹೆದರಿಸೋದು ಹಾಡೋನನ್ನ ಮಾತ್ರ. ಅದಕ್ಕೇ ಇಳಿಸಿ ಬರೆದೆ."

"ಇವನನ್ನ ಈಗಲೇ ಹೊರಗೆ ಹಾಕ್ತೀನಿ!" ಬಾಗಿಲಲ್ಲಿ ನಿಂತಿದ್ದ ಫಾಬ್ರಿತ್ಸಿಯೊ ಗುಡುಗಿದ.

"ಹಾಕಿ. ಸಂಜೆ ನೀವೇ ಹಾಡಿ."

ಅವಳು ಚೆಲ್ಸೊನತ್ತ ಬಾಗಿದಳು. "ಏಳು. ಕಾಲ ಏನು ಅಂತ ತಿಳಿದವಳು ಕಿರುಚಲ್ಲ ಕಣೋ. ತಗ್ಗಿದ ದನಿಯಲ್ಲೇ ಹೇಳ್ತಾಳೆ."

* * *

ಸಂಜೆ ಹಾಡು ಮುಗಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ.

ಮಹಡಿಯಿಂದ ಫಾಬ್ರಿತ್ಸಿಯೊ ಇಳಿದು ಬಂದ. "ಹಾಡು ಕಟ್ಟಿದವರು ಮಲಗಿದಲ್ಲೇ ಕೇಳಿಸ್ಕೊಂಡ್ರು. ಯಾರು ಇಳಿಸಿದ್ದು ಅಂತ ಕೇಳಿದ್ರು."

ಒರ್ಸೋಲಾ ಹಾಳೆ ಜೋಡಿಸುವುದನ್ನು ಬಿಟ್ಟು ತಿರುಗಿದಳು. "ಏನಂದ್ರು?"

"ಅದು ಹಾಗೇ ಇರ್ಲಂತೆ. ಅವರ ಮುಂದಿನ ಹಾಡುಗಳನ್ನೂ ನೀವೇ ನಕಲು ಮಾಡ್ಬೇಕಂತೆ."